ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ರೂಕಿ: ನಾನು ಎರಡು ಸೀಸನ್ ನೋಡಿದ ಮೂರು ದಾರಿ

ನಮ್ಮದು ಹತ್ತು ಜನರ ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್ ಲೀಗ್. ಅಮೆರಿಕದ ಎನ್‌ಬಿಎ ಲೀಗಿನ ಆಟಗಾರರನ್ನು ಆರಿಸಿ ನಾವು ತಂಡ ಕಟ್ಟುತ್ತೇವೆ, ಅವರು ನಿಜವಾದ ಪಂದ್ಯದಲ್ಲಿ ಆಡಿದ್ದೇ ನಮ್ಮ ಲೆಕ್ಕ. ಹುಬ್ಬಳ್ಳಿಯವರು ಐದು ಜನ, ಧಾರವಾಡದವರು ಮೂವರು, ಗದಗಿನಿಂದ ಒಬ್ಬ, ಬ್ಯಾಡಗಿಯಿಂದ ಒಬ್ಬ. ದುಡ್ಡಿನ ಆಟ ಅಲ್ಲ. ಗೆದ್ದವನಿಗೆ ಉಳಿದವರು ಸೇರಿ ಗಿರ್ಮಿಟ್ ಮಿರ್ಚಿ ಕೊಡಿಸಬೇಕು, ಅಷ್ಟೇ. ಪ್ರತಿ ಅಕ್ಟೋಬರಿನಲ್ಲಿ ವಿದ್ಯಾನಗರದ ಒಂದು ಮನೆಯಲ್ಲಿ ಕೂತು ಡ್ರಾಫ್ಟ್ ಮಾಡುತ್ತೇವೆ, ಅಂದರೆ ಸರದಿಯಂತೆ ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳುತ್ತೇವೆ. ತಲಾ 13 ಆಟಗಾರರು, 13 ರೌಂಡು. ಪ್ರತಿ ವಾರ ಒಬ್ಬರ ಎದುರು ಒಬ್ಬರು, ಒಂಬತ್ತು ವಿಭಾಗದಲ್ಲಿ ಲೆಕ್ಕ: ಪಾಯಿಂಟ್, ರೀಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿದದ್ದು), ಅಸಿಸ್ಟ್ (ಬುಟ್ಟಿಗೆ ದಾರಿಮಾಡಿದ ಪಾಸ್), ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು), ಬ್ಲಾಕ್ (ಎದುರಾಳಿಯ ಶಾಟ್ ತಡೆದದ್ದು), ತ್ರೀ (ಮೂರು ಪಾಯಿಂಟಿನ ಶಾಟ್), ಫೀಲ್ಡ್ ಗೋಲ್ ಶೇಕಡಾ (ಆಟದ ನಡುವೆ ಹಾಕಿದ ಶಾಟಿನಲ್ಲಿ ಗುರಿ ಮುಟ್ಟಿದ್ದು), ಫ್ರೀ ಥ್ರೋ ಶೇಕಡಾ, ಟರ್ನ್‌ಓವರ್ (ಚೆಂಡು ಕಳೆದುಕೊಂಡದ್ದು, ಕಡಿಮೆ ಇದ್ದಷ್ಟೂ ಒಳ್ಳೆಯದು).

ಪ್ರತಿ ಡ್ರಾಫ್ಟಿನಲ್ಲೂ ಜಗಳ ಆಗುವುದು ರೂಕಿಗಳ, ಅಂದರೆ ಎನ್‌ಬಿಎಯಲ್ಲಿ ಮೊದಲ ವರ್ಷದವರ, ವಿಷಯಕ್ಕೇ. ಹುಡುಗ ಎನ್‌ಬಿಎಯಲ್ಲಿ ಇನ್ನೂ ಒಂದು ಪಂದ್ಯ ಆಡಿಲ್ಲ. ಅವನಿಗೆ ಎಷ್ಟನೇ ರೌಂಡ್ ಕೊಡಬೇಕು? ಹೆಸರು ನೋಡಿ ಬೇಗ ಎತ್ತುವುದು ಒಂದು ದಾರಿ. ತಂಡದಲ್ಲಿ ಜಾಗ ಖಾತ್ರಿ ಇರುವವನನ್ನು ಹುಡುಕುವುದು ಎರಡನೆಯದು. ಡ್ರಾಫ್ಟಿನಲ್ಲಿ ರೂಕಿಯನ್ನೇ ಮುಟ್ಟದೆ, ಸೀಸನ್ ಶುರುವಾದ ಮೇಲೆ ಖಾಲಿ ಇರುವವರಲ್ಲಿ ಆರಿಸುವುದು ಮೂರನೆಯದು. 2023ರ ಅಕ್ಟೋಬರಿನಿಂದ ಎರಡು ಸೀಸನ್‌ನಲ್ಲಿ ಮೂರನ್ನೂ ಮಾಡಿ ನೋಡಿದ್ದೇನೆ.

ಮೊದಲ ಸಲ ನಾನು ಹೋದದ್ದು ಹೆಸರಿನ ದಾರಿ. ಪೋರ್ಟ್‌ಲೆಂಡ್ ತಂಡ ಸ್ಕೂಟ್ ಹೆಂಡರ್ಸನ್‌ನನ್ನು 2023ರ ಎನ್‌ಬಿಎ ಡ್ರಾಫ್ಟಿನಲ್ಲಿ (ಅಲ್ಲಿನ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸುವುದು) 3ನೆಯವನಾಗಿ ತೆಗೆದುಕೊಂಡಿತ್ತು. ಅದೇ ಸೆಪ್ಟೆಂಬರಿನಲ್ಲಿ ಆ ತಂಡದ ಗಾರ್ಡ್, ಅಂದರೆ ಚೆಂಡು ನಡೆಸುವ ಆಟಗಾರ, ಡೇಮಿಯನ್ ಲಿಲಾರ್ಡ್ ತಂಡ ಬಿಟ್ಟು ಮಿಲ್ವಾಕಿಗೆ ಹೋದ. ಇನ್ನು ಚೆಂಡೆಲ್ಲ ಸ್ಕೂಟ್ ಕೈಯಲ್ಲೇ ಅಂತ ನನ್ನ ಲೆಕ್ಕ. 7ನೇ ರೌಂಡಿನಲ್ಲಿ ಎತ್ತಿದೆ. ಚೆಂಡು ಅವನ ಕೈಗೆ ಬಂತು ನಿಜ. ಆದರೆ 19 ವರ್ಷದ ಗಾರ್ಡ್ ಕಲಿಯುವ ಹೊತ್ತಿನಲ್ಲಿ ಏನಾಗುತ್ತದೆ ಅನ್ನುವುದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸೀಸನ್ ಮುಗಿದಾಗ ಅವನ ಸರಾಸರಿ 14 ಪಾಯಿಂಟ್, 5.4 ಅಸಿಸ್ಟ್. ನೋಡಲು ಚೆನ್ನಾಗೇ ಇದೆ, ಅಲ್ವಾ? ಪಕ್ಕದ ಕಾಲಂ ನೋಡಿ. ಫೀಲ್ಡ್ ಗೋಲ್ 38.5 ಶೇಕಡಾ, ಪಂದ್ಯಕ್ಕೆ ಮೂರಕ್ಕಿಂತ ಜಾಸ್ತಿ ಟರ್ನ್‌ಓವರ್. ಗಾಯದಿಂದ ಆಡಿದ್ದೂ 62 ಪಂದ್ಯ ಮಾತ್ರ.

ಈ ಶೇಕಡಾದ ಪೆಟ್ಟು ಎಂಥದ್ದು ಅಂತ ಒಂದು ವಾರದ ಅಂದಾಜು ಹೇಳುತ್ತೇನೆ. ಉಳಿದ ಆಟಗಾರರೆಲ್ಲ ಸೇರಿ 500 ಶಾಟ್ ಹಾಕಿ 240 ಗುರಿ ಮುಟ್ಟಿಸಿದರೆ ನನ್ನದು 48 ಶೇಕಡಾ. ಅದರ ಮೇಲೆ ಇವನೊಬ್ಬನೇ ನಾಲ್ಕು ಪಂದ್ಯದಲ್ಲಿ 50 ಶಾಟ್ ಹಾಕಿ 19 ಮುಟ್ಟಿಸಿದ ಅನ್ನಿ. ಒಟ್ಟು 550ಕ್ಕೆ 259, ಅಂದರೆ 47 ಶೇಕಡಾ. ಒಂದೇ ಅಂಕಿ ಇಳಿದದ್ದು. ಆದರೆ ನಮ್ಮ ಲೀಗಿನಲ್ಲಿ ಆ ವಿಭಾಗ ಗೆಲ್ಲುವುದೂ ಸೋಲುವುದೂ ಎಷ್ಟೋ ವಾರ ಆ ಒಂದು ಅಂಕಿಯಲ್ಲೇ. ಟರ್ನ್‌ಓವರ್ ವಿಭಾಗವೂ ಜೊತೆಗೇ ಹೋಗುತ್ತದೆ. ಎರಡು ಅಸಿಸ್ಟ್ ಜಾಸ್ತಿ ಸಿಗಲಿ ಅಂತ ಎರಡು ವಿಭಾಗ ಬಿಟ್ಟುಕೊಟ್ಟ ಹಾಗಾಯಿತು. ಹುಡುಗನ ತಪ್ಪು ಇದರಲ್ಲಿ ಏನೂ ಇಲ್ಲ. ನಾನು ಕೊಟ್ಟ ರೌಂಡ್ ಜಾಸ್ತಿಯಾಯಿತು.

ನಮ್ಮ ಅದೇ ಡ್ರಾಫ್ಟಿನಲ್ಲಿ ಗದಗಿನ ದೋಸ್ತ 5ನೇ ರೌಂಡಿನಲ್ಲಿ ಚೆಟ್ ಹೋಮ್‌ಗ್ರೆನ್‌ನನ್ನು ತೆಗೆದುಕೊಂಡ. ಚೆಟ್ 2022ರ ಎನ್‌ಬಿಎ ಡ್ರಾಫ್ಟಿನ 2ನೆಯವನು. ಪಾದದ ಗಾಯದಿಂದ ಇಡೀ ಒಂದು ವರ್ಷ ಆಡಿರಲಿಲ್ಲ, ಹಾಗಾಗಿ 2023–24 ಅವನಿಗೆ ರೂಕಿ ವರ್ಷ. ಮೈ ನೋಡಿದರೆ ಕಡ್ಡಿ. ಮತ್ತೆ ಗಾಯ ಆಗುತ್ತದೆ ಅಂತ ನಾವೆಲ್ಲ ಹೆದರಿಸಿದೆವು. ಅವನು 82ಕ್ಕೆ 82 ಪಂದ್ಯ ಆಡಿದ. 16.5 ಪಾಯಿಂಟ್, 7.9 ರೀಬೌಂಡ್, 2.3 ಬ್ಲಾಕ್, 53 ಶೇಕಡಾ. ಎತ್ತರದ ಹುಡುಗ ರಿಂಗಿನ ಹತ್ತಿರ ಆಡುತ್ತಾನೆ, ಹಾಗಾಗಿ ಶೇಕಡಾ ಕೆಡುವುದಿಲ್ಲ. ಬ್ಲಾಕ್‌ಗೆ ಅನುಭವ ಅಷ್ಟು ಬೇಕಿಲ್ಲ, ಉದ್ದನೆಯ ಕೈ ಮತ್ತು ಹೊತ್ತು ತಿಳಿಯುವ ಬುದ್ಧಿ ಇದ್ದರೆ ಮೊದಲ ದಿನದಿಂದಲೇ ಬರುತ್ತದೆ. ಗಾರ್ಡ್ ಹಾಗಲ್ಲ. ಅವನು ಇಡೀ ಆಟ ಓದುವುದನ್ನು ಕಲಿಯಬೇಕು, ಆ ಕಲಿಕೆಯ ಖರ್ಚು ಬೀಳುವುದು ನಮ್ಮ ಮೇಲೆ.

ಇದು ಕಣ್ಣಿಗೆ ಕಟ್ಟುವ ಹಾಗೆ ಕಂಡದ್ದು 2024ರ ಫೆಬ್ರವರಿ 13ರ ಬೆಳಿಗ್ಗೆ. ಅಮೆರಿಕದ ರಾತ್ರಿ ಪಂದ್ಯ ನಮಗೆ ನಸುಕಿನಲ್ಲಿ. ಆ ವಾರ ನನ್ನ ಎದುರಾಳಿ ಬ್ಯಾಡಗಿಯವನು. ಅವನ ಹತ್ತಿರ ವಿಕ್ಟರ್ ವೆಂಬಾನ್ಯಾಮ ಇದ್ದ, 2ನೇ ರೌಂಡಿನಲ್ಲಿ ತೆಗೆದುಕೊಂಡಿದ್ದ. ವೆಂಬಾನ್ಯಾಮನ ತಂಡ ಸ್ಯಾನ್ ಆಂಟೋನಿಯೊ ಆಡುತ್ತಿದ್ದದ್ದು ಟೊರೊಂಟೊದಲ್ಲಿ. ನಾನು ಹಾಸಿಗೆಯಲ್ಲೇ ಕೂತು ಫೋನ್ ನೋಡುತ್ತಿದ್ದೆ. ಬ್ಲಾಕ್ ಕಾಲಂನಲ್ಲಿ ಅಂಕಿ ಒಂದೊಂದೇ ಏರುತ್ತಿತ್ತು. ಚಹಾ ಇಟ್ಟು ಬರುವಷ್ಟರಲ್ಲಿ ಇನ್ನೊಂದು. ಕೊನೆಗೆ 27 ಪಾಯಿಂಟ್, 14 ರೀಬೌಂಡ್, 10 ಬ್ಲಾಕ್. ನನ್ನ ಇಡೀ ತಂಡ ಆ ವಾರ ಮಾಡುವಷ್ಟು ಬ್ಲಾಕನ್ನು ಒಬ್ಬನೇ ಹುಡುಗ ಒಂದೇ ಬೆಳಿಗ್ಗೆ ಮಾಡಿ ಮುಗಿಸಿದ್ದ. ಆ ವರ್ಷ ಎನ್‌ಬಿಎಯಲ್ಲಿ ಬ್ಲಾಕ್ ಸರಾಸರಿಯಲ್ಲಿ ಮೊದಲಿಗ ಅವನೇ, 3.6. ವರ್ಷದ ರೂಕಿ ಪ್ರಶಸ್ತಿಗೆ ಮೊದಲ ಸ್ಥಾನದ ಎಲ್ಲ ಮತಗಳೂ ಅವನಿಗೇ ಬಿದ್ದವು.

ಬ್ಯಾಡಗಿಯ ದೋಸ್ತನಿಗೆ ಫೋನ್ ಮಾಡಿ ಹೊಗಳಿದೆ. ಅವನ ಕೆಲಸ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ. ಹೇಳಿದ: "ಮಾಲು ಚಲೋ ಐತಿ ಅಂತ ಎಲ್ಲಾರಿಗೂ ಗೊತ್ತಿರತೈತಿ. ನೀ ಎಷ್ಟಕ್ಕ ತಗೊಂಡಿ ಅನ್ನೂದನ್ನ ಮೊದಲ ನೋಡು." ಆ ಮಾತು ನನಗೆ ಚೆನ್ನಾಗಿ ನಾಟಿತು. ರೌಂಡ್ ಅಂದರೆ ರೇಟು. ಅದೇ ಸ್ಕೂಟ್ 12ನೇ ರೌಂಡಿನಲ್ಲಿ ಸಿಕ್ಕಿದ್ದರೆ ನಾನು ಈ ತಕರಾರನ್ನೇ ತೆಗೆಯುತ್ತಿರಲಿಲ್ಲ.

2024ರಲ್ಲಿ ಮೂರೂ ದಾರಿಯನ್ನು ಒಂದೇ ತಂಡದಲ್ಲಿ ನೋಡಿದೆ. ಹೆಸರಿನ ದಾರಿಗೆ ರೀಡ್ ಶೆಪರ್ಡ್, ಹ್ಯೂಸ್ಟನ್ನಿನವನು, ಎನ್‌ಬಿಎ ಡ್ರಾಫ್ಟಿನ 3ನೆಯವನು. ಸೀಸನ್‌ಗೆ ಮೊದಲು ಹೊಸ ಹುಡುಗರು ಆಡುವ ಸಮ್ಮರ್ ಲೀಗಿನಲ್ಲಿ ಅವನ ಆಟ ನೋಡಿ ಮನಸ್ಸು ಸೋತಿತ್ತು. ನನ್ನ ಅಕ್ಕನ ಮಗ ಧಾರವಾಡದಲ್ಲಿ ಕಾಲೇಜು ತಂಡಕ್ಕೆ ಆಡುತ್ತಾನೆ. ನಮ್ಮ ಡ್ರಾಫ್ಟಿನ ದಿನ ಪಕ್ಕದಲ್ಲೇ ಕೂತಿದ್ದ. "ಮಾಮಾ, ಅವನ ಮುಂದ ಯಾರ್ಯಾರು ಅದಾರ ನೋಡ್ರಿ. ಅವನಿಗೆ ಆಡಾಕ ಜಾಗ ಎಲ್ಲೈತಿ?" ಅಂದ. ಫ್ರೆಡ್ ವ್ಯಾನ್‌ವ್ಲೀಟ್, ಜೇಲನ್ ಗ್ರೀನ್, ಅಮೆನ್ ಥಾಂಪ್ಸನ್, ಎಲ್ಲರೂ ಅವನಿಗಿಂತ ಮುಂದೆ. ಹುಡುಗ ಹೇಳಿದ್ದೇ ಆಯಿತು. ಶೆಪರ್ಡ್‌ಗೆ ಪಂದ್ಯಕ್ಕೆ ಸರಾಸರಿ 13 ನಿಮಿಷವೂ ಸಿಗಲಿಲ್ಲ. ನನ್ನ 10ನೇ ರೌಂಡ್ ಹೋಯಿತು.

ಎರಡನೇ ದಾರಿಗೆ 12ನೇ ರೌಂಡಿನಲ್ಲಿ ಮೆಂಫಿಸ್‌ನ ಝ್ಯಾಕ್ ಈಡಿ. ಎನ್‌ಬಿಎ ಡ್ರಾಫ್ಟಿನಲ್ಲಿ 9ನೆಯವನು, ಕಾಲೇಜಿನಲ್ಲಿ ನಾಲ್ಕು ವರ್ಷ ಆಡಿ ಬಂದವನು. ಆ ತಂಡದ ಸ್ಟೀವನ್ ಆಡಮ್ಸ್ ಆ ವರ್ಷದ ಫೆಬ್ರವರಿಯಲ್ಲೇ ಹ್ಯೂಸ್ಟನ್ನಿಗೆ ಹೋಗಿದ್ದ. ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡುವ ಎತ್ತರದವನ, ಜಾಗ ಖಾಲಿ ಇದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಈಡಿ 58 ಶೇಕಡಾದಲ್ಲಿ ಶಾಟ್ ಹಾಕಿದ, 8.3 ರೀಬೌಂಡ್ ಕೊಟ್ಟ. ದೊಡ್ಡ ಸುದ್ದಿ ಮಾಡಲಿಲ್ಲ, ಆದರೆ ಯಾವ ವಿಭಾಗವನ್ನೂ ಕೆಡಿಸಲಿಲ್ಲ. 12ನೇ ರೌಂಡಿಗೆ ಇದಕ್ಕಿಂತ ಇನ್ನೇನು ಬೇಕು?

ಮೂರನೇ ದಾರಿಯಲ್ಲಿ ನಿದ್ದೆ ಕಡಿಮೆ, ಖುಷಿ ಜಾಸ್ತಿ. ನವೆಂಬರಿನಲ್ಲಿ ಫಿಲಡೆಲ್ಫಿಯಾದ ಟೈರೀಸ್ ಮ್ಯಾಕ್ಸಿಗೆ ಗಾಯವಾಯಿತು. ನಾನು ಚಿಗರಿ ಬಸ್ಸಿನಲ್ಲಿ ನಿಂತಿದ್ದೆ. ನವನಗರ ದಾಟುವಷ್ಟರಲ್ಲಿ ಅದೇ ತಂಡದ ರೂಕಿ ಗಾರ್ಡ್ ಜೇರೆಡ್ ಮೆಕೇನ್‌ನನ್ನು ನನ್ನ ತಂಡಕ್ಕೆ ಸೇರಿಸಿಕೊಂಡೆ. ಎನ್‌ಬಿಎ ಡ್ರಾಫ್ಟಿನಲ್ಲಿ 16ನೇ ಪಿಕ್ (ಆಯ್ಕೆ) ಅವನು, ನಮ್ಮ ಡ್ರಾಫ್ಟಿನ ದಿನ ನಮ್ಮಲ್ಲಿ ಯಾರೂ ಅವನ ಹೆಸರನ್ನೇ ಎತ್ತಿರಲಿಲ್ಲ. ಕೆಲವು ವಾರ ತಂಡವನ್ನು ಅವನೇ ಎಳೆದ. ಡಿಸೆಂಬರಿನಲ್ಲಿ ಮೊಣಕಾಲಿಗೆ ಗಾಯವಾಗಿ ಅವನ ಸೀಸನ್ ಮುಗಿದೇ ಹೋಯಿತು. 23 ಪಂದ್ಯ, 15.3 ಪಾಯಿಂಟ್ ಸರಾಸರಿ. ನಿಜವಾಗಿ ಬೇಜಾರಾಯಿತು. ಆದರೆ ಅವನಿಗಾಗಿ ಒಂದು ರೌಂಡೂ ಖರ್ಚಾಗಿರಲಿಲ್ಲ. ಅದೇ ಹಾದಿಯಲ್ಲಿ ಅಕ್ಕನ ಮಗ ಸ್ಟೆಫಾನ್ ಕಾಸಲ್‌ನನ್ನು ಹಿಡಿದ. ಕಾಸಲ್ 81 ಪಂದ್ಯ ಆಡಿ ವರ್ಷದ ರೂಕಿಯಾದ. ಮೆಂಫಿಸ್‌ನ ಜೇಲನ್ ವೆಲ್ಸ್ ಅಂತೂ 39ನೇ ಪಿಕ್. ಅವನು ರೂಕಿಗಳ ಮೊದಲ ತಂಡಕ್ಕೇ ಆಯ್ಕೆಯಾದ.

ಒಂದು ಮಾತು ಬಿಡಬಾರದು. ಇದೆಲ್ಲ ಒಂಬತ್ತು ವಿಭಾಗದ ಲೀಗಿನ ಲೆಕ್ಕ. ಶೇಕಡಾ ಲೆಕ್ಕಕ್ಕೆ ಬಾರದ ಪಾಯಿಂಟ್ಸ್ ಲೀಗ್ ಆದರೆ ಸ್ಕೂಟ್‌ನಂಥ ಗಾರ್ಡ್ ಅಷ್ಟು ನಷ್ಟ ಮಾಡುವುದಿಲ್ಲ. ಆಟಗಾರನನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುವ ಲೀಗ್ ಆದರೆ ಹೆಸರಿನ ದಾರಿಯೇ ಮೇಲು. ಅಮೆನ್ ಥಾಂಪ್ಸನ್ ರೂಕಿ ವರ್ಷ 9.5 ಪಾಯಿಂಟಿನವನು, ಮರುವರ್ಷ ಎನ್‌ಬಿಎಯ ಮೊದಲ ಡಿಫೆನ್ಸ್ ತಂಡದಲ್ಲಿ ಇದ್ದ.

ನಮ್ಮಂಥ ಲೀಗಿಗೆ ನನ್ನ ಓಟು ಎರಡು ಮತ್ತು ಮೂರನೇ ದಾರಿಗೆ. 11ನೇ ರೌಂಡಿಗೆ ಮೊದಲು ರೂಕಿ ಗಾರ್ಡ್‌ನನ್ನು ಎತ್ತುವುದಿಲ್ಲ. 13ನೇ ಜಾಗದಲ್ಲಿ ಯಾರನ್ನೇ ಇಟ್ಟರೂ ನವೆಂಬರಿನಲ್ಲಿ ಬಿಡಲು ತಯಾರಿರುತ್ತೇನೆ. ಗದಗಿನ ದೋಸ್ತ ಮಾತ್ರ ಇದನ್ನು ಪೂರ್ತಿ ಒಪ್ಪುವುದಿಲ್ಲ. ಬ್ಲಾಕ್ ಮಾಡುವ ಎತ್ತರದ ರೂಕಿ ಕಂಡರೆ 5ನೇ ರೌಂಡ್ ಕೊಡಲು ಈಗಲೂ ಸಿದ್ಧ. ಹೋಮ್‌ಗ್ರೆನ್ 82 ಪಂದ್ಯ ಆಡಿದ್ದನ್ನು ನೋಡಿದ ಮೇಲೆ ಅವನಿಗೆ ಬೇಡ ಅನ್ನಲು ನನ್ನ ಹತ್ತಿರ ಲೆಕ್ಕ ಇಲ್ಲ.