ಕಪ್ಪು ಟ್ಯೂಬ್ ಬಿಚ್ಚಿ ನೋಡದೆ ಸ್ಯಾಡಲ್ ತಗೋಬೇಡಿ

ಮಿಷಿಗನ್‌ನಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವ ಕನ್ನಡದವರು ಹತ್ತೇ ಜನ ಇರಬಹುದು. ಆ ಹತ್ತು ಜನರಾದರೂ ಇದನ್ನು ಓದಿ. ಮನೆಯಲ್ಲಿ ಹೊಲಿದ ಸ್ಯಾಡಲ್ ಮಾರುವವನೊಬ್ಬ ನಮ್ಮ ನಡುವೆಯೇ ಓಡಾಡುತ್ತಿದ್ದಾನೆ. ನನಗೆ 140 ಡಾಲರ್ ಪಂಗನಾಮ ಹಾಕಿದ. ದುಡ್ಡು ಹಾಳಾಗಿ ಹೋಗಲಿ, ಬೆನ್ನುಮೂಳೆ ಉಳಿದದ್ದೇ ಪುಣ್ಯ.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಸ್ಯಾಡಲ್ ಕುದುರೆ ಜೀನು ಅಲ್ಲ. ಸೊಂಟದ ಹಿಂದೆ ಸುತ್ತಿಕೊಂಡು ಕೂರುವ ಅಗಲವಾದ ಪಟ್ಟಿ. ಅದರ ಎರಡು ಪಕ್ಕದ ಕುಣಿಕೆಗಳ ನಡುವೆ ಒಂದು ಹಗ್ಗ, ಅದು ಬ್ರಿಡ್ಜ್. ಮರಕ್ಕೆ ಸುತ್ತಿದ ಇನ್ನೊಂದು ಹಗ್ಗ, ಅದು ಟೆದರ್. ಎರಡನ್ನೂ ಕ್ಯಾರಬೈನರ್ ಅನ್ನುವ, ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ ಹಾಕಿ ಸೇರಿಸಿ, ಮರಕ್ಕೆ ಮುಖ ಮಾಡಿ, ಹಿಂದಕ್ಕೆ ಒರಗಿ ನೇತಾಡುತ್ತಾ ಜಿಂಕೆಗೆ ಕಾಯುವುದು. ಇಡೀ ಮೈಭಾರ ಆ ಬ್ರಿಡ್ಜ್ ಮೇಲೆ. ಇಲ್ಲಿ ಸರ್ಕಾರಿ ಕಾಡಿನ ಮರಕ್ಕೆ ಮೊಳೆ, ಸ್ಕ್ರೂ ಹೊಡೆಯುವ ಹಾಗಿಲ್ಲ. ಸ್ಯಾಡಲ್ ಆದರೆ ಬೆನ್ನಿಗೆ ಹಾಕಿಕೊಂಡು ಹೋಗಿ, ಸಂಜೆ ಬಿಚ್ಚಿಕೊಂಡು ಬಂದರಾಯಿತು. ಅದಕ್ಕೇ ಎಲ್ಲರಿಗೂ ಇದರ ಹುಚ್ಚು.

ಅಂಗಡಿಯಲ್ಲಿ ಪೂರ್ತಿ ಸೆಟ್‌ಗೆ ಮುನ್ನೂರು, ನಾನೂರು ಡಾಲರ್ ಆಗುತ್ತದೆ. ಹಾಗಾಗಿ ತಾವೇ ಹೊಲಿದುಕೊಳ್ಳುವವರೂ ಇದ್ದಾರೆ. ಅವರನ್ನು ನಾನು ಬೈಯುತ್ತಿಲ್ಲ. ಚೆನ್ನಾಗಿ ಮಾಡುವವರು ನಿಜವಾಗಿಯೂ ಚೆನ್ನಾಗಿ ಮಾಡುತ್ತಾರೆ. ಆದರೆ ಅವರು ತಮ್ಮ ಜೀವಕ್ಕೆ ತಾವು ಹೊಲಿದುಕೊಂಡಿರುತ್ತಾರೆ. ಇವನು ಹೊಲಿದದ್ದು ನನ್ನ ಜೇಬಿಗೆ.

ಸಿಕ್ಕಿದ್ದು ಎಲ್ಲಿ ಅಂತೀರಿ? ಗಣೇಶನ ಹಬ್ಬದ ಊಟದ ಸಾಲಿನಲ್ಲಿ! ತಟ್ಟೆಯಲ್ಲಿ ಪುಳಿಯೋಗರೆ ಇಟ್ಟುಕೊಂಡು ಇಬ್ಬರೂ ಪಿಸುಮಾತಿನಲ್ಲಿ ಜಿಂಕೆ ಬೇಟೆ ಮಾತಾಡಿದೆವು. ಜೋರಾಗಿ ಮಾತಾಡುವ ಜಾಗ ಅಲ್ವಲ್ಲ.

"ನಿಮ್ದು ಯಾವೂರು ಸಾರ್?"

"ತೀರ್ಥಹಳ್ಳಿ ಹತ್ತಿರ."

"ಅಡಿಕೆ ತೋಟ?"

"ಇದೆ, ಸ್ವಲ್ಪ."

"ಹಂಗಾದ್ರೆ ಮುಗೀತು ಬಿಡಿ ಸಾರ್. ಮರ ಹತ್ತೋದು ನಿಮಗೆ ಯಾರು ಹೇಳಿಕೊಡಬೇಕು?"

ಇಲ್ಲೇ ನಾನು ಬಿದ್ದೆ. ಮರದಿಂದ ಬಿದ್ದದ್ದು ಆಮೇಲೆ. ಸತ್ಯ ಏನೆಂದರೆ ನಾನು ಜೀವಮಾನದಲ್ಲಿ ಒಂದು ಅಡಿಕೆ ಮರ ಹತ್ತಿದವನಲ್ಲ. ಕಾಲಿಗೆ ತಳೆ ಹಾಕಿಕೊಂಡು ಸರಸರ ಹತ್ತಿ, ಮರದಿಂದ ಮರಕ್ಕೆ ತೂಗಿ ದಾಟುತ್ತಿದ್ದವನು ಕೊನೆಗಾರ. ನಾನು ಕೆಳಗೆ ನಿಂತು ಉದುರಿದ ಅಡಿಕೆ ಹೆಕ್ಕುತ್ತಿದ್ದೆ. ಅದೂ ಶಾಲೆಗೆ ರಜೆ ಇದ್ದಾಗ. ಆದರೂ ಆ ಮಾತಿಗೆ ಉಬ್ಬಿಹೋದೆ. ಪ್ರಶ್ನೆ ಕೇಳಿದರೆ ಗೊತ್ತಿಲ್ಲದವನು ಅನ್ನಿಸಿಕೊಳ್ಳುತ್ತೇನೆ ಅಂತ ಒಂದನ್ನೂ ಕೇಳಲಿಲ್ಲ.

ಅವನ ಗರಾಜಿಗೆ ಹೋದೆ. ಹೊಲಿಗೆ ಯಂತ್ರ ಇತ್ತು, ಪಟ್ಟಿಯ ಸುರುಳಿಗಳಿದ್ದವು. ಅವನು ಮರದಲ್ಲಿ ನೇತಾಡುವ ವಿಡಿಯೋ ತೋರಿಸಿದ. ಬ್ರಿಡ್ಜ್ "ಒರಿಜಿನಲ್ ಆಮ್‌ಸ್ಟೀಲ್ ಸಾರ್, ಸ್ಪ್ಲೈಸ್ ನಾನೇ ಮಾಡಿದ್ದು" ಅಂದ. ಆಮ್‌ಸ್ಟೀಲ್ ಅನ್ನುವುದು ಒಂದು ಬಗೆಯ ಸಿಂಥೆಟಿಕ್ ಹಗ್ಗ. ಸ್ಪ್ಲೈಸ್ ಅಂದರೆ ಗಂಟು ಹಾಕದೆ ಹಗ್ಗದ ತುದಿಯನ್ನು ಅದೇ ಹಗ್ಗದೊಳಗೆ ತೂರಿಸಿ ಕುಣಿಕೆ ಮಾಡುವುದು. ಸ್ಪ್ಲೈಸ್ ಮೇಲೆ ಕಪ್ಪು ಪ್ಲಾಸ್ಟಿಕ್ ಟ್ಯೂಬ್ ಬಿಸಿ ಮಾಡಿ ಅಂಟಿಸಿದ್ದ. ನೋಡೋಕೆ ಅಂಗಡಿ ಮಾಲಿನ ಥರ ನೀಟಾಗಿತ್ತು. ಫೋನಿನಲ್ಲೇ ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ಝೆಲ್‌ನಲ್ಲಿ ಅಲ್ಲೇ ಕಳಿಸಿದೆ.

ಅಕ್ಟೋಬರ್ 1ಕ್ಕೆ ಬಿಲ್ಲಿನ ಸೀಸನ್ ಶುರು. ಅದಕ್ಕೆ ಮೊದಲು ಅಭ್ಯಾಸ ಮಾಡೋಣ ಅಂತ ಶನಿವಾರ ಹಿತ್ತಲಿನ ಮೇಪಲ್ ಮರಕ್ಕೆ ಟೆದರ್ ಕಟ್ಟಿದೆ. ಕಾಲು ನೆಲದಿಂದ 1 ಅಡಿ ಮೇಲೆ, ಅಷ್ಟೇ. ಮೊದಲು ನೆಲದ ಹತ್ತಿರವೇ ಅಭ್ಯಾಸ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಆ ಒಂದು ಮಾತು ಕೇಳಿದ್ದಕ್ಕೆ ಇವತ್ತು ಕೂತು ಬರೆಯುತ್ತಿದ್ದೇನೆ. ಕೂತು ಅಂದರೆ ದಿಂಬಿನ ಮೇಲೆ.

ಮೊದಲು ಐದು ನಿಮಿಷ ಏನೂ ಆಗಲಿಲ್ಲ. ಹಾಯಾಗಿತ್ತು. ಎಡಕ್ಕೆ ತಿರುಗಿ ಬಿಲ್ಲು ಎಳೆಯುವ ಹಾಗೆ ಕೈ ಮಾಡಿದೆ. ಸೊಂಟದ ಹತ್ತಿರ ಏನೋ ಸರಿದ ಹಾಗಾಯಿತು. ಹಗ್ಗ ತುಂಡಾದ ಸದ್ದಿಲ್ಲ, ಏನಿಲ್ಲ. ಸುಮ್ನೆ ಜಾರಿತು. ಬೆಣ್ಣೆಯಲ್ಲಿ ಕೂದಲು ಜಾರಿದ ಹಾಗೆ. ಮರುಕ್ಷಣ ಬೇರಿನ ಮೇಲೆ ಕುಕ್ಕರಿಸಿದ್ದೆ. ಅಡುಗೆಮನೆ ಕಿಟಕಿಯಿಂದ ಹೆಂಡತಿ ನೋಡುತ್ತಿದ್ದಳು. "ಏನ್ರೀ, ಪೆಟ್ಟಾಯ್ತಾ?" ಅಂತ ಓಡಿ ಬಂದಳು, ಆಮೇಲೆ ನಗು ತಡೆಯೋಕೆ ಆಗದೆ ಒಳಗೆ ಹೋದಳು.

ನೋವು ಇಳಿದ ಮೇಲೆ ಕತ್ತರಿ ತಗೊಂಡು ಆ ಕಪ್ಪು ಟ್ಯೂಬ್ ಸೀಳಿದೆ. ಹಗ್ಗ ಏನೋ ಅಸಲಿಯೇ ಇರಬಹುದು. ಆಮ್‌ಸ್ಟೀಲ್ ತುಂಬಾ ಗಟ್ಟಿ, ಆದರೆ ಅಷ್ಟೇ ನುಣುಪು. ಮಾಮೂಲಿ ಗಂಟು ಅದರಲ್ಲಿ ನಿಲ್ಲಲ್ಲ, ಜಾರುತ್ತದೆ. ಅದಕ್ಕೇ ಹಗ್ಗದ ತುದಿಯನ್ನು ಅದೇ ಹಗ್ಗದ ಪೊಳ್ಳು ಹೊಟ್ಟೆಯೊಳಗೆ ಉದ್ದಕ್ಕೆ ತೂರಿಸಬೇಕು. ಹಗ್ಗದ ದಪ್ಪದ ಸುಮಾರು 72 ಪಟ್ಟು ಉದ್ದ ಒಳಗಿರಬೇಕು ಅನ್ನುವುದು ಲೆಕ್ಕ. ನನ್ನದು 8 ಮಿಲಿಮೀಟರ್ ಹಗ್ಗ, ಅಂದರೆ ಒಂದೂಮುಕ್ಕಾಲು ಅಡಿಗಿಂತ ಜಾಸ್ತಿ. ಒಂದು ತುದಿ ಜಾರಿ ಹೊರಬಂದಿತ್ತು. ಜಾರದೆ ಉಳಿದ ಇನ್ನೊಂದು ತುದಿಯಲ್ಲಿ ಒಳಗೆ ಹೋಗಿದ್ದದ್ದು ಎಷ್ಟು ಗೊತ್ತಾ? ನನ್ನ ತೋರುಬೆರಳಿನಷ್ಟು! ಬೆರಳು ಪಕ್ಕದಲ್ಲಿಟ್ಟು ಫೋಟೋ ತೆಗೆದೆ. ಲಾಕ್ ಇಲ್ಲ, ಹೊಲಿಗೆ ಇಲ್ಲ. ಆ ಟ್ಯೂಬ್ ಇದ್ದದ್ದೇ ಮುಚ್ಚಿಡೋಕೆ. ಅದರ ಮೇಲೆ ಈ ಹಗ್ಗ ಬಿಸಿಗೆ ಆಗಿಬರಲ್ಲ, ಸುಮಾರು 145 ಡಿಗ್ರಿಗೇ ಕರಗುತ್ತದೆ. ಇವನು ಅದರ ಮೇಲೆ ಬಿಸಿ ಗಾಳಿ ಹೊಡೆದಿದ್ದಾನೆ.

ಇಷ್ಟಾದ ಮೇಲೆ ಟೆದರ್ ಮೇಲೂ ಅನುಮಾನ ಬಂತು. "ನೈಲಾನ್ ಕ್ಲೈಂಬಿಂಗ್ ರೋಪ್" ಅಂದಿದ್ದ. ಒಂದು ತುಂಡು ಕತ್ತರಿಸಿ, ಬಕೆಟ್ ನೀರಿನಲ್ಲಿ ಹಿಂಡಿ ಬಿಟ್ಟೆ. ನೈಲಾನ್ ಆದರೆ ಮುಳುಗಬೇಕು. ಇದು ಬಾತುಕೋಳಿ ಥರ ತೇಲುತ್ತಾ ಕೂತಿತು.

ಫೋಟೋ ಎಲ್ಲ ಕಳಿಸಿದೆ. ಅವನ ಉತ್ತರಗಳನ್ನು ಬಂದ ಹಾಗೇ ಹಾಕುತ್ತೇನೆ.

"ಸಾರ್, ನಿಮ್ ವೆಯ್ಟ್ ಎಷ್ಟು?"

82 ಕೆಜಿ ಅಂದೆ.

"ಅದೇ ನೋಡಿ. ನಂದು 65."

ಹತ್ತು ಸಾವಿರ ಪೌಂಡಿಗಿಂತ ಜಾಸ್ತಿ ತಡೆಯುವ ಹಗ್ಗ ಅಂತ ಹೇಳಿ ಮಾರಿದವನು ಇವನೇ! ಅದನ್ನು ಕೇಳಿದ್ದಕ್ಕೆ "ಸ್ಪ್ಲೈಸ್ ಮೊದಲು ಎಳೆದು ಸೆಟ್ ಮಾಡಬೇಕಿತ್ತು, ತೋಟದವರಿಗೆ ಇಷ್ಟೂ ಗೊತ್ತಿಲ್ವಾ" ಅಂದ. ಓದಿ ಮೈ ಉರಿದುಹೋಯಿತು. ಹೊಗಳಿದ ಬಾಯಲ್ಲೇ ಚುಚ್ಚಿದ. ಆಮೇಲೆ, "40 ಡಾಲರ್ ಕೊಡಿ, ಬೇರೆ ಬ್ರಿಡ್ಜ್ ಹಾಕಿಕೊಡ್ತೀನಿ." ದುಡ್ಡು ವಾಪಸ್ ಕೊಡು ಅಂದೆ. "ನಾವು ನಾವೇ ಹಿಂಗೆ ಮಾಡಿಕೊಂಡ್ರೆ ಹೆಂಗೆ ಗುರುಗಳೇ?" ಇದು ಕೊನೆಯದು. ಆಮೇಲೆ ಬರೀ ನೀಲಿ ಟಿಕ್ಕು. ಬ್ಯಾಂಕಿನವರನ್ನು ಕೇಳಿದರೆ, ನೀವೇ ಕಳಿಸಿದ ದುಡ್ಡಲ್ವಾ, ನಾವೇನೂ ಮಾಡೋಕೆ ಆಗಲ್ಲ ಅಂದರು.

ಆ ವಿಡಿಯೋ ಮತ್ತೆ ನೋಡಿದೆ. ಈ ಸಲ ನಿಲ್ಲಿಸಿ ನಿಲ್ಲಿಸಿ. ಅವನು ಕೂತಿರುವುದು ತಾನು ಹೊಲಿದ ಸ್ಯಾಡಲ್‌ನಲ್ಲಿ ಅಲ್ಲ. ಅಂಗಡಿಯದು. ಲೇಬಲ್ ಕಾಣುತ್ತದೆ.

ಯಾರಿಂದ ಬೇಕಾದರೂ ತಗೊಳ್ಳಿ, ಸ್ಪ್ಲೈಸ್ ಮೇಲೆ ಏನೇ ಮುಚ್ಚಿದ್ದರೂ ಬಿಚ್ಚಿಸಿ. ಬಿಚ್ಚಲ್ಲ ಅಂದರೆ ಎದ್ದು ಬನ್ನಿ. ಕ್ಯಾರಬೈನರ್ ಮೇಲೆ ಎಷ್ಟು ಕಿಲೋನ್ಯೂಟನ್ ಎಳೆತ ತಡೆಯುತ್ತದೆ ಅಂತ ಅಚ್ಚು ಹಾಕಿರದಿದ್ದರೆ ಅದಕ್ಕೆ ಬೀಗದ ಕೈ ನೇತುಹಾಕಿ, ಮೈ ಬೇಡ. ಮೊದಲ ಹತ್ತು ಸಲ 1 ಅಡಿಗಿಂತ ಮೇಲೆ ಹೋಗಲೇಬೇಡಿ. ನಾನು ಮುಂದಿನ ಶನಿವಾರ 18 ಅಡಿಗೆ ಹೋಗುವವನಿದ್ದೆ. ಊರಿನ ಮಾತಾಡಿ ಹೊಗಳುವವನ ಹತ್ತಿರ ಎರಡು ಪ್ರಶ್ನೆ ಜಾಸ್ತಿ ಕೇಳಿ.

ನಿನ್ನೆ ನೋಡಿದರೆ ಮತ್ತೆ ಮಾರಾಟಕ್ಕೆ ಹಾಕಿದ್ದಾನೆ. ಅದೇ ಫೋಟೋ, ಅದೇ ಕಪ್ಪು ಟ್ಯೂಬ್, ಈಗ 120 ಡಾಲರ್. ನನ್ನ ಬೆರಳಿನ ಫೋಟೋ ಬೇಕಾದವರು ಕೇಳಿ, ಕಳಿಸುತ್ತೇನೆ.