ತಪ್ಪು ಉತ್ತರ ಕೊಟ್ಟು ನೋಡಿ: ಎರಡು ವರ್ಷ ಬಳಸಿದ ಆನ್‌ಲೈನ್ ಪಾಠಗಳ ಬಗ್ಗೆ

ಮಗಳು ಒಂಬತ್ತನೇ ತರಗತಿಗೆ ಹೋದಾಗ ಕೊಂಡ ಆನ್‌ಲೈನ್ ಕೋರ್ಸಿನ ಅವಧಿ ಈಗ ಅವಳ ಎಸ್‌ಎಸ್‌ಎಲ್‌ಸಿ ಜೊತೆಗೇ ಮುಗಿಯುತ್ತಿದೆ. ಎಷ್ಟು ವಿಡಿಯೊ, ಎಷ್ಟು ಗಂಟೆ, ಎಷ್ಟು ಮಾದರಿ ಪರೀಕ್ಷೆ ಎಂಬುದೆಲ್ಲ ಜಾಹೀರಾತಿನಲ್ಲೇ ಸಿಗುತ್ತದೆ, ಅದನ್ನು ನಾನು ಮತ್ತೆ ಹೇಳುವುದಿಲ್ಲ. ಮಗು ತಪ್ಪು ಮಾಡಿದಾಗ ಆ ಕೋರ್ಸ್ ಏನು ಮಾಡುತ್ತದೆ ಎಂಬುದನ್ನು ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕಲಬುರಗಿಯ ಶಹಾಬಜಾರ್. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಯಜಮಾನರು ಗಂಜ್‌ನಲ್ಲಿ ಸರಕಿನ ಆಟೊ ಓಡಿಸುತ್ತಾರೆ. ಮಗಳು ಓದುವುದು ಕನ್ನಡ ಮಾಧ್ಯಮದಲ್ಲಿ. ನಾನು ಪಿಯುಸಿಯಲ್ಲಿ ಕಲಾ ವಿಭಾಗ ಓದಿದವಳು, ಅವರು ಏಳನೇ ತರಗತಿಗೆ ಶಾಲೆ ಬಿಟ್ಟವರು. ಹೈಸ್ಕೂಲಿನ ಲೆಕ್ಕ ತಿದ್ದುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ತಂದೆ ತಾಯಿ ತಿದ್ದಬಲ್ಲ ಮನೆಗಳಲ್ಲಿ ಕೋರ್ಸ್ ಬರೀ ಪಾಠ ಹೇಳಿದರೂ ನಡೆಯುತ್ತದೆ. ನಮ್ಮಂಥ ಮನೆಯಲ್ಲಿ ತಿದ್ದುವ ಕೆಲಸವನ್ನೂ ಅದೇ ಮಾಡಬೇಕು. ತಿಂಗಳಿಗೆ 1,400 ರೂಪಾಯಿ ಕಂತು ಒಪ್ಪಿಕೊಂಡದ್ದು ಆ ಭರವಸೆಯ ಮೇಲೆ. ನನ್ನ ಲೆಕ್ಕದಲ್ಲಿ ಅದು ನಾಲ್ಕು ಲೈನಿಂಗ್ ಬ್ಲೌಸ್‌ಗಳ ಮಜೂರಿ.

ಮೊದಲ ಕೆಲವು ತಿಂಗಳು ನಿಜವಾಗಿಯೂ ಸಂತೋಷ ಕೊಟ್ಟವು. ಜೀವಕೋಶದ ಒಳಗೆ ಏನೇನಿದೆ ಎಂಬುದನ್ನು ತಿರುಗಿಸಿ ತಿರುಗಿಸಿ ತೋರಿಸುವ ಚಿತ್ರ, ಸ್ಪಷ್ಟವಾದ ಕನ್ನಡ ದನಿ, ಅವಸರವಿಲ್ಲದ ಮಾತು. ಮನೆಯಲ್ಲಿ ಸ್ಮಾರ್ಟ್‌ಫೋನ್ ಒಂದೇ. ಯಜಮಾನರು ಬಾಡಿಗೆ ಮುಗಿಸಿ ಬಂದ ಮೇಲೆ ಅದು ಮಗಳ ಕೈಗೆ. ಊಟವಾದ ಕೂಡಲೇ ಅವಳು ಹೊಲಿಗೆ ಯಂತ್ರದ ಮೇಲಿನ ಬಟ್ಟೆಗಳನ್ನು ಬದಿಗೆ ಸರಿಸಿ, ದಾರದ ಡಬ್ಬಿಗೆ ಫೋನ್ ಒರಗಿಸಿ ಕೂರುತ್ತಾಳೆ. ನಾನು ಕೆಳಗೆ ಕಲ್ಲುಹಾಸಿನ ಮೇಲೆ ಕುಳಿತು ಹುಕ್ಕು ಹಚ್ಚುತ್ತಿರುತ್ತೇನೆ. ಅವಳದೊಂದು ಕ್ರಮವಿದೆ: ನೋಟ್‌ಬುಕ್ಕಿನ ಎಡಪುಟದಲ್ಲಿ ಪಾಠದಲ್ಲಿ ಮಾಡಿ ತೋರಿಸಿದ ಲೆಕ್ಕ, ಬಲಪುಟದಲ್ಲಿ ಫೋನ್ ಬೋರಲು ಹಾಕಿ ತಾನೇ ಮಾಡಿದ ಲೆಕ್ಕ. ಎಡಪುಟ ಯಾವಾಗಲೂ ಅಚ್ಚುಕಟ್ಟು, ಬಲಪುಟದ ತುಂಬ ಹೊಡೆದು ಹಾಕಿದ ಗೆರೆಗಳು. ಮಲಗುವ ಮುನ್ನ ಆ ದಿನದ ಡೇಟಾದಲ್ಲಿ ಉಳಿದದ್ದನ್ನು ಬಳಸಿ ಮರುದಿನದ ಪಾಠ ಇಳಿಸಿಕೊಳ್ಳುತ್ತಾಳೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಕರೆಂಟ್ ಹೋದರೂ ಪಾಠ ನಿಲ್ಲಬಾರದು ಎಂಬುದು ಅವಳ ಹಟ. ಈ ಹುಡುಗಿಗೆ ಒಳ್ಳೆಯ ಕೋರ್ಸ್ ಸಿಗಲೇಬೇಕು ಎಂದು ನನಗೆ ಅನ್ನಿಸುತ್ತಿದ್ದದ್ದು ಆ ಬಲಪುಟಗಳನ್ನು ನೋಡಿಯೇ.

ಕೋರ್ಸಿನ ಮುಖಪುಟದಲ್ಲಿ ಹಸಿರು ಪಟ್ಟಿಯೊಂದಿದೆ. ಪಾಠ ನೋಡಿದಂತೆಲ್ಲ ಅದು ತುಂಬುತ್ತಾ ಹೋಗಿ ಕೊನೆಗೆ ‘ಶೇ. 100 ಪೂರ್ಣ’ ಎನ್ನುತ್ತದೆ. ಒಂಬತ್ತನೇ ತರಗತಿಯ ಗಣಿತದ ಪಟ್ಟಿ ಪೂರ್ತಿ ಹಸಿರಾಗಿದ್ದಾಗ ಶಾಲೆಯ ಕಿರುಪರೀಕ್ಷೆಯಲ್ಲಿ ಅವಳಿಗೆ ಅರ್ಧದಷ್ಟು ಅಂಕವೂ ಬರಲಿಲ್ಲ. ಆ ಪಟ್ಟಿ ವಿಡಿಯೊ ಎಷ್ಟು ಓಡಿದೆ ಎಂಬುದನ್ನು ಮಾತ್ರ ಅಳೆಯುತ್ತದೆ. ಫೋನ್ ಹಚ್ಚಿಟ್ಟು ಯಾರೂ ನೋಡದೆ ಎದ್ದು ಹೋದರೂ ಅದು ತುಂಬುತ್ತದೆ. ನನ್ನ ಕಿರಿಯ ಮಗ ಒಂದು ರಾತ್ರಿ ಹಾಗೆಯೇ ಮಾಡಿ ತೋರಿಸಿದ.

ಹತ್ತನೇ ತರಗತಿಯ ಸಮಾಂತರ ಶ್ರೇಢಿಗೆ, ಅಂದರೆ ಪ್ರತಿ ಸಲ ಒಂದೇ ಸಂಖ್ಯೆ ಕೂಡಿಸುತ್ತಾ ಹೋಗುವ ಸಂಖ್ಯೆಗಳ ಸಾಲಿಗೆ, ಬಂದಾಗ ದೋಷ ಇನ್ನೂ ನಿಚ್ಚಳವಾಯಿತು. ಪ್ರಶ್ನೆ ಇಷ್ಟು: 3, 8, 13 ಹೀಗೆ ಹೋಗುವ ಶ್ರೇಢಿಯ 20ನೇ ಪದ ಯಾವುದು? ಮಗಳು 20 ಸಲ ಐದು ಕೂಡಿಸಿ 103 ಎಂದು ಬರೆದಳು. ಪರದೆಯ ಮೇಲೆ ಕೆಂಪು ಗುರುತು ಬಂತು, ‘ಸರಿ ಉತ್ತರ: 98’ ಎಂದು ಕಾಣಿಸಿತು, ಮುಂದಿನ ಪ್ರಶ್ನೆ ಬಂತು. 7, 10, 13 ಶ್ರೇಢಿಯ 15ನೇ ಪದಕ್ಕೆ ಅವಳು 52 ಎಂದಳು. ಮತ್ತೆ ಕೆಂಪು, ‘ಸರಿ ಉತ್ತರ: 49’. ಎರಡೂ ಕಡೆ ಆದದ್ದು ಒಂದೇ ತಪ್ಪು, ಒಂದು ಹೆಜ್ಜೆ ಹೆಚ್ಚಾಗಿ ಕೂಡಿಸಿದ್ದು. ಅದನ್ನು ಹೇಳುವ ಒಂದು ಸಾಲು ಆ ಕೋರ್ಸಿನಲ್ಲಿ ಇರಲಿಲ್ಲ. ಮಗಳು ‘ಅವ್ವಾ, ನನಗೆ ಗಣಿತ ತಲೆಗೆ ಹತ್ತುವುದಿಲ್ಲ’ ಎಂದು ನೋಟ್‌ಬುಕ್ ಮುಚ್ಚಿದಳು. ಆ ಮಾತು ನನಗೆ ಸಹಿಸಲಾಗಲಿಲ್ಲ. ಅವಳಿಗೆ ತಿಳಿಯದೆ ಇದ್ದದ್ದು ಗಣಿತವಲ್ಲ, ಒಂದೇ ಒಂದು ಹೆಜ್ಜೆ. ಅದನ್ನು ತೋರಿಸಬೇಕಾದವರು ಹಣ ಪಡೆದೂ ತೋರಿಸಲಿಲ್ಲ.

ಇದೇ ಕಂಪನಿಯವರು 2025ರ ಮೇ ತಿಂಗಳಲ್ಲಿ ‘ಎಸ್‌ಎಸ್‌ಎಲ್‌ಸಿ ವಿಶೇಷ ಪ್ಯಾಕೇಜ್’ ಮಾರಲು ಕರೆ ಮಾಡಿದ್ದರು. ಆಗಷ್ಟೇ ಫಲಿತಾಂಶ ಬಂದಿತ್ತು. ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲ ಸ್ಥಾನದಲ್ಲಿತ್ತು, ನಮ್ಮ ಕಲಬುರಗಿ ಶೇ. 42.43 ಪಡೆದು ಕಟ್ಟಕಡೆಯಲ್ಲಿತ್ತು. ‘ನಿಮ್ಮ ಜಿಲ್ಲೆಯ ಸ್ಥಿತಿ ನೋಡಿದ್ದೀರಲ್ಲ ಅಕ್ಕಾ’ ಎಂದೇ ಮಾತು ಶುರು ಮಾಡಿದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ನಪಾಸಾದ ಊರಿನಲ್ಲಿ ತಾಯಂದಿರ ಭಯವನ್ನು ಮಾರಾಟದ ಸರಕು ಮಾಡಿಕೊಳ್ಳುವುದು ಕೆಟ್ಟ ಕೆಲಸ.

ಶ್ರೇಢಿಯ ಆ ತಪ್ಪಿಗೆ ಉಪಾಯ ತೋರಿಸಿದವಳು ಮಗಳ ಗೆಳತಿ. ಖಾನ್ ಅಕಾಡೆಮಿ ಎಂಬ ಕಲಿಕೆಯ ಜಾಲತಾಣದಲ್ಲಿ ಗಣಿತ ಕನ್ನಡದಲ್ಲೂ ಇದೆ, ದುಡ್ಡಿಲ್ಲ, ಜಾಹೀರಾತಿಲ್ಲ. ಅಲ್ಲಿ ತಪ್ಪು ಉತ್ತರ ಕೊಟ್ಟರೆ ಮತ್ತೆ ಪ್ರಯತ್ನಿಸಲು ಬಿಡುತ್ತದೆ. ಬೇಕೆಂದರೆ ಸುಳಿವನ್ನು ಒಂದೊಂದೇ ಹೆಜ್ಜೆಯಾಗಿ ಬಿಚ್ಚಿಡುತ್ತದೆ. ಎರಡನೇ ಪದಕ್ಕೆ ಬರಲು ಒಂದು ಸಲ ಕೂಡಿಸಬೇಕು, ಮೂರನೆಯದಕ್ಕೆ ಎರಡು ಸಲ. ಮಗಳು ಅಷ್ಟಕ್ಕೇ ನಿಂತು, ‘ಅವ್ವಾ, ಮೊದಲನೇ ಪದಕ್ಕೆ ಏನೂ ಕೂಡಿಸಿಯೇ ಇಲ್ಲವಲ್ಲ!’ ಎಂದಳು. ನನಗೂ ಹೊಳೆಯಿತು: ನನ್ನ ಮಡಿಲಲ್ಲಿದ್ದ ಬ್ಲೌಸಿಗೆ ಆರು ಹುಕ್ಕು, ನಡುವಿನ ಸಂದುಗಳು ಐದೇ. ಇಪ್ಪತ್ತನೇ ಪದಕ್ಕೆ ಹತ್ತೊಂಬತ್ತು ಸಲ ಕೂಡಿಸಿದರೆ ಸಾಕು. ಪಿಯುಸಿ ಕಲಾ ವಿಭಾಗದವಳಿಗೂ ಅರ್ಥವಾಯಿತು ಎಂದರೆ ಆ ಸುಳಿವಿನ ಗುಣ ಎಷ್ಟೆಂದು ನೀವೇ ಯೋಚಿಸಿ.

ಅಲ್ಲಿ ಇನ್ನೊಂದು ವಿಶೇಷವಿದೆ. ಒಂದು ವಿಷಯದಲ್ಲಿ ಹಿಡಿತ ಬಂದಿದೆ ಎಂದು ಗುರುತಿಸಿದ ಮೇಲೂ ಮುಂದಿನ ಘಟಕ ಪರೀಕ್ಷೆಯಲ್ಲಿ ಅದೇ ವಿಷಯ ತಪ್ಪಿದರೆ ಮಟ್ಟ ಕೆಳಗಿಳಿಯುತ್ತದೆ. ಮಗಳಿಗೆ ಮೊದಲು ಸಿಟ್ಟು ಬಂತು. ನನಗೆ ಅದೇ ಬಹಳ ಹಿಡಿಸಿತು. ಮರೆತದ್ದನ್ನು ಮರೆತಿದ್ದೀ ಎಂದು ಹೇಳುವುದು ಮಗುವಿಗೆ ಕೊಡುವ ಮರ್ಯಾದೆ.

ವಿಜ್ಞಾನ, ಸಮಾಜಕ್ಕೆ ನಾವು ಹೆಚ್ಚಾಗಿ ಬಳಸಿದ್ದು 2017ರಿಂದ ಇರುವ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ನೇರವಾಗಿ ಆ ಅಧ್ಯಾಯದ ಸಾಮಗ್ರಿ ತೆರೆಯುತ್ತದೆ. ನಮ್ಮ ರಾಜ್ಯದ ಗಣಿತ, ವಿಜ್ಞಾನ ಪುಸ್ತಕಗಳು ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಅನುಸರಿಸುವುದರಿಂದ ಆ ಎರಡರಲ್ಲಿ ಯಾವ ಕೋರ್ಸ್ ಆದರೂ ಹೆಚ್ಚು ಕಡಿಮೆ ಹೊಂದುತ್ತದೆ. ಸಮಾಜ ವಿಜ್ಞಾನ ಹಾಗಲ್ಲ, ಅದು ರಾಜ್ಯದ್ದೇ ಪುಸ್ತಕ. ಹಣ ಕೊಟ್ಟ ಕೋರ್ಸಿನ ಸಮಾಜ ವಿಜ್ಞಾನ ನಮಗೆ ಪೂರ್ತಿ ವ್ಯರ್ಥವಾಯಿತು. ದೀಕ್ಷಾದಲ್ಲಿ ಬೇರೆ ಬೇರೆಯವರು ಮಾಡಿದ ಪಾಠಗಳು ಒಟ್ಟಿಗೆ ಇರುತ್ತವೆ, ಎರಡು ಮೂರು ತೆರೆದು ನೋಡಿ ಆಯ್ದುಕೊಳ್ಳಬೇಕು.

ಇಷ್ಟೆಲ್ಲ ದೂರಿದ ಮೇಲೆ ಹಣ ಕೊಟ್ಟ ಕೋರ್ಸಿನ ಒಂದು ಒಳ್ಳೆಯ ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಭಾನುವಾರ ಸಂಜೆ ಅಲ್ಲಿ ಒಬ್ಬ ವಿಜ್ಞಾನ ಶಿಕ್ಷಕರು ನೇರ ತರಗತಿ ನಡೆಸುತ್ತಿದ್ದರು. ಬೆಳಕಿನ ವಕ್ರೀಭವನ ಹೇಳುವ ದಿನ ‘ಫೋನ್ ಅಲ್ಲೇ ಬಿಟ್ಟು ಅಡುಗೆಮನೆಗೆ ಹೋಗಿ, ಬಟ್ಟಲು ಮತ್ತು ನಾಣ್ಯ ತನ್ನಿ’ ಎಂದರು. ನಾಣ್ಯ ಅಂಚಿನ ಮರೆಗೆ ಹೋಗುವವರೆಗೆ ಮಗಳು ಹಿಂದೆ ಸರಿದು ನಿಂತಳು. ನಾನು ಬಟ್ಟಲಿಗೆ ನೀರು ಸುರಿದೆ. ಕಾಣದಿದ್ದ ನಾಣ್ಯ ಮೇಲೆದ್ದು ಕಂಡಿತು. ಆ ಪ್ರಯೋಗ ಪುಸ್ತಕದಲ್ಲೂ ಇದೆ, ಕೋರ್ಸಿನ ವಿಡಿಯೊದಲ್ಲೂ ಇದೆ. ಆದರೆ ಮಗುವನ್ನು ಎಬ್ಬಿಸಿ ಮಾಡಿಸಿದವರು ಅವರೊಬ್ಬರೇ. ಮಕ್ಕಳು ಕಳಿಸಿದ ನೋಟ್‌ಬುಕ್ಕಿನ ಫೋಟೊಗಳಲ್ಲಿ ತಪ್ಪಿದ ಸಾಲಿಗೆ ಗೆರೆ ಎಳೆದು ‘ಇಲ್ಲಿಂದ ಮತ್ತೆ ಮಾಡು’ ಎಂದು ಬರೆದು ಕಳಿಸುತ್ತಿದ್ದರು. ನನ್ನ ಮಗಳ ಬಲಪುಟಗಳನ್ನು ಹೊರಗಿನವರೊಬ್ಬರು ಓದಿದ್ದು ಆಗ ಮಾತ್ರ. ಕೆಲವು ತಿಂಗಳ ಬಳಿಕ ಅವರ ತರಗತಿ ನಿಂತಿತು. ಕಾರಣ ಕೇಳಿದರೆ ಯಾರೂ ಹೇಳಲಿಲ್ಲ. ಅವರ ಜಾಗಕ್ಕೆ ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊ ಬಂತು. ಆ ಸರ್ ಎಲ್ಲಿದ್ದರೂ ಚೆನ್ನಾಗಿರಲಿ.

ಕಂತಿನ ವಿಷಯ ಚುಟುಕಾಗಿ ಹೇಳುತ್ತೇನೆ. ನೀವು ಶುಲ್ಕ ಎಂದುಕೊಂಡು ಕಟ್ಟುವುದು ಎಷ್ಟೋ ಸಲ ಹಣಕಾಸು ಸಂಸ್ಥೆಯೊಂದು ನಿಮ್ಮ ಹೆಸರಿನಲ್ಲಿ ಬರೆದ ಸಾಲದ ಕಂತು. ಕೋರ್ಸ್ ಬಿಟ್ಟರೂ ಸಾಲ ಬಿಡುವುದಿಲ್ಲ. ಖಾತೆಯಿಂದ ತಾನೇ ಹಣ ಕಡಿತವಾಗುವ ಒಪ್ಪಿಗೆ ಕೊಡಬೇಡಿ, ಪಾಠ ಪಠ್ಯಕ್ರಮಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲೇ ಪೋಷಕರಿಗೆ ಹೇಳಿತ್ತು. ತಕರಾರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕೋರ್ಸ್ ಕೊಳ್ಳುವ ಮುನ್ನ ಉಚಿತವಾಗಿ ನೋಡಲು ಕೊಡುವ ದಿನಗಳಲ್ಲಿ ಒಂದು ಕೆಲಸ ಮಾಡಿ. ಮಗುವಿಗೆ ಚೆನ್ನಾಗಿ ಬರುವ ಲೆಕ್ಕವನ್ನೇ ತೆಗೆದು, ಬೇಕೆಂದೇ ತಪ್ಪು ಉತ್ತರ ಒತ್ತಿ. ಎಲ್ಲಿ ತಪ್ಪಿತು ಎಂದು ತೋರಿಸುತ್ತದೆಯೇ, ಸರಿ ಉತ್ತರ ಎಸೆದು ಮುಂದೆ ಹೋಗುತ್ತದೆಯೇ ನೋಡಿ. ಅದೇ ತಪ್ಪನ್ನು ಮತ್ತೊಂದು ಲೆಕ್ಕದಲ್ಲಿ ಮಾಡಿ, ಕೋರ್ಸ್ ಗುರುತಿಸುತ್ತದೆಯೇ ನೋಡಿ. ನಮ್ಮ ಓಣಿಯಲ್ಲಿ ಯಾರು ಕೇಳಿದರೂ ಈಗ ನಾನು ಮೊದಲು ಹೇಳುವುದು ಇದನ್ನೇ.

ಕಿರಿಯ ಮಗ ಬರುವ ಜೂನ್‌ಗೆ ಎಂಟನೇ ತರಗತಿ. ಅವನಿಗೆ ಈ ಕೋರ್ಸ್ ಕೊಳ್ಳುವುದಿಲ್ಲ. ದೀಕ್ಷಾ, ಖಾನ್ ಅಕಾಡೆಮಿ ಸಾಕು. ವಾರಕ್ಕೊಮ್ಮೆ ನೋಟ್‌ಬುಕ್ಕಿನ ಫೋಟೊ ನೋಡಿ ತಪ್ಪಿದ ಸಾಲಿಗೆ ಗೆರೆ ಎಳೆಯುವ ಶಿಕ್ಷಕರನ್ನು ಯಾರಾದರೂ ಕೊಟ್ಟರೆ, ಅನಿಮೇಷನ್ ಒಂದೂ ಇಲ್ಲದಿದ್ದರೂ ತಿಂಗಳಿಗೆ 500 ರೂಪಾಯಿ ಕೊಡಲು ನಾನು ಸಿದ್ಧ.