ಕೋವಿ ಇರುವ ಮನೆಯಲ್ಲಿ ಮಕ್ಕಳು: ಅಟ್ಟ, ಕಪಾಟು, ಕೇಬಲ್, ಪೆಟ್ಟಿಗೆ

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆಯ ತೋಟದ ಮನೆಗಳಲ್ಲಿ ಕೋವಿ ಇಟ್ಟುಕೊಳ್ಳುವುದು ದೊಡ್ಡಸ್ತಿಕೆಗಲ್ಲ. ರಾತ್ರಿ ಕಾಡುಹಂದಿ ನುಗ್ಗಿದರೆ ಮರಗೆಣಸು, ಕೆಸು, ಎಳೆಯ ಬಾಳೆ ಯಾವುದೂ ಉಳಿಯುವುದಿಲ್ಲ. ನಮ್ಮ ಮನೆಯಲ್ಲೂ ಮಾವನ ಹೆಸರಿನಲ್ಲಿ ಬೆಳೆ ರಕ್ಷಣೆಯ ಪರವಾನಗಿ ಇದೆ, ಹನ್ನೆರಡು ಬೋರಿನ ಜೋಡಿ ನಳಿಗೆಯ ಕೋವಿ ಇದೆ. ಅದೇ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳು, ಮೂರನೇ ತರಗತಿಯ ಮಗ ಇದ್ದಾರೆ. ರಜೆ ಬಂತೆಂದರೆ ನಾದಿನಿಯ ಮಕ್ಕಳೂ ಸೇರುತ್ತಾರೆ. ಕೋವಿಯನ್ನು ಇಡುವ ಹಲವು ಬಗೆಗಳನ್ನೂ, ಮಕ್ಕಳಿಗೆ ಅದರ ಬಗ್ಗೆ ಹೇಳಿಕೊಡುವ ಹಲವು ಬಗೆಗಳನ್ನೂ ನಾವು ಈ ವರ್ಷಗಳಲ್ಲಿ ಮಾಡಿ ನೋಡಿದ್ದೇವೆ. ಕೋವಿ ಇರುವ ಬೇರೆ ಮನೆಯವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ತೂಗಿ ನೋಡಲು ನಾನು ಇಟ್ಟುಕೊಂಡ ಪ್ರಶ್ನೆ ಒಂದೇ. ಮಳೆಯಲ್ಲಿ ನೆನೆದು ನಡುರಾತ್ರಿ ತೋಟದಿಂದ ಬಂದ ವಯಸ್ಸಾದ ಮನುಷ್ಯ ಆ ದಣಿವಿನಲ್ಲಿ ಕೋವಿಯನ್ನು ಎಲ್ಲಿ ಇಡುತ್ತಾರೆ? ಹಗಲಿನ ಶಿಸ್ತನ್ನು ಎಲ್ಲರೂ ಪಾಲಿಸುತ್ತಾರೆ. ಮಕ್ಕಳು ಏಳುವ ಹೊತ್ತಿಗೆ ಕೋವಿ ಚಾವಡಿಯ ಮೂಲೆಗೆ ಒರಗಿಕೊಂಡಿರುವುದು ಇಂಥ ರಾತ್ರಿಗಳ ಮರುದಿನವೇ.

ಹಿಂದಿನ ಕ್ರಮ ಗೋಡೆಯ ಗೂಟ, ಇಲ್ಲವಾದರೆ ಅಟ್ಟ. “ನಮ್ಮ ಕಾಲದಲ್ಲಿ ಗೂಟದಲ್ಲೇ ನೇತಾಡುತ್ತಿತ್ತು, ಒಬ್ಬನೂ ಮುಟ್ಟಿದ್ದಿಲ್ಲ” ಎನ್ನುತ್ತಾರೆ ಮಾವ. ಅವರ ಮಾತನ್ನು ನಾನು ನಂಬುತ್ತೇನೆ, ಆದರೆ ಆ ಕ್ರಮವನ್ನು ನಂಬುವುದಿಲ್ಲ. ಎತ್ತರವನ್ನು ಬೀಗವೆಂದು ಎಣಿಸಲಾಗದು. ಅಡಿಕೆ ತುಂಬಿದ ಅಟ್ಟ ಮಕ್ಕಳಿಗೆ ಆಟದ ಜಾಗ. ಏಣಿ ಹತ್ತಲು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಡಗಿಸಿಟ್ಟ ವಸ್ತುವನ್ನು ಹುಡುಕಿ ತೆಗೆಯುವುದರಲ್ಲಿ ಅವರು ನಮಗಿಂತ ಜಾಣರು.

ಕಬ್ಬಿಣದ ಕಪಾಟು ಅಟ್ಟಕ್ಕಿಂತ ಮೇಲು, ಆದರೆ ನಾನು ಅಂದುಕೊಂಡಷ್ಟು ಮೇಲಲ್ಲ. ಅದೇ ಕಪಾಟಿನಲ್ಲಿ ಜಾಗದ ಆಧಾರ ಪತ್ರ, ಪಾಸ್‌ಪುಸ್ತಕ, ಅತ್ತೆಯ ಸೀರೆ ಎಲ್ಲವೂ ಇರುತ್ತವೆ. ದಿನಕ್ಕೆ ಹಲವು ಸಲ ತೆಗೆಯುವ ಕಪಾಟಿನ ಬೀಗದ ಕೈ ದೇವರ ಕೋಣೆಯ ಯಾವ ಡಬ್ಬಿಯಲ್ಲಿದೆ ಎಂಬುದು ಮನೆಯ ಮಕ್ಕಳಿಗೆಲ್ಲ ಗೊತ್ತು. ಕೋವಿಗೆ ಬೇರಾವುದಕ್ಕೂ ಬಳಸದ ಬೀಗ ಬೇಕು ಎಂಬುದು ನನಗೆ ಖಚಿತವಾದದ್ದು ಇಲ್ಲಿಯೇ.

ಖರ್ಚಿಲ್ಲದ ಉಪಾಯ ಬಿಡಿಸಿಡುವುದು. ನಡುವೆ ಮಡಚುವ ಕೋವಿಯಲ್ಲಿ ನಳಿಗೆಯ ಕೆಳಗಿನ ಮರದ ತುಂಡನ್ನು ಕಳಚಿದರೆ ನಳಿಗೆ ಬೇರೆ, ಹಿಡಿ ಬೇರೆ ಆಗುತ್ತದೆ. ನಳಿಗೆ ಒಂದು ಕೋಣೆಯಲ್ಲಿ, ಹಿಡಿ ಇನ್ನೊಂದರಲ್ಲಿ. ಬೇಸಗೆಯಲ್ಲಿ ಇದು ಚೆನ್ನಾಗಿಯೇ ನಡೆಯಿತು. ಹಂದಿಯ ಕಾಟ ಹೆಚ್ಚಾದ ಕೂಡಲೇ ಕುಂಟತೊಡಗಿತು. ಟಾರ್ಚಿನ ಬೆಳಕಿನಲ್ಲಿ ಜೋಡಿಸಬೇಕು, ಬಂದ ಮೇಲೆ ಮತ್ತೆ ಬಿಡಿಸಬೇಕು. ಜೋಡಿಸುವುದು ಹೇಗೋ ಆಗುತ್ತದೆ, ಬಿಡಿಸುವುದು ನಾಳೆಗೆ ಉಳಿಯುತ್ತದೆ. ತಿಂಗಳುಗಟ್ಟಲೆ ಕೋವಿ ತೆಗೆಯದ ಮನೆಗೆ ಮಾತ್ರ ನಾನು ಇದನ್ನು ಹೇಳಿಯೇನು.

ಬೀಗಗಳಲ್ಲಿ ಎರಡನ್ನು ಹೋಲಿಸಿ ನೋಡಿದೆವು. ಟ್ರಿಗರಿನ ಎರಡೂ ಬದಿಯಿಂದ ಕಚ್ಚಿ ಹಿಡಿಯುವ ಬೀಗ ನೋಡಲು ಗಟ್ಟಿ. ಆದರೆ ನಮ್ಮದು ಎರಡು ಟ್ರಿಗರಿನ ಕೋವಿ, ಬೀಗ ಸಡಿಲವಾಗಿ ಕೂರುತ್ತಿತ್ತು. ಅದಕ್ಕಿಂತ ದೊಡ್ಡ ದೋಷ, ಒಳಗೆ ತೋಟೆ, ಅಂದರೆ ಕೋವಿಯ ಗುಂಡು, ಇದ್ದರೂ ಆ ಬೀಗ ಹಾಕಲು ಬರುತ್ತದೆ. ತುಂಬಿದ ಕೋವಿಯ ಟ್ರಿಗರಿನ ಹತ್ತಿರ ಕಬ್ಬಿಣ ತುರುಕುವುದೇ ಅಪಾಯ. ಕೇಬಲ್ ಬೀಗ ಹಾಗಲ್ಲ. ಸೈಕಲ್ಲಿಗೆ ಹಾಕುವ, ಪ್ಲಾಸ್ಟಿಕ್ ಹೊದಿಕೆಯ ಉದ್ದನೆಯ ಸಣ್ಣ ಕೇಬಲ್ಲನ್ನು ಕೋವಿ ಮಡಚಿ ನಳಿಗೆಯ ಹಿಂಬದಿಯಿಂದ ತೂರಿಸಿ, ಬಾಯಿಯಿಂದ ಹೊರಗೆಳೆದು, ಎರಡೂ ತುದಿ ಸೇರಿಸಿ ಬೀಗ ಹಾಕುತ್ತೇವೆ. ಕೇಬಲ್ ಇರುವಷ್ಟು ಹೊತ್ತು ಕೋವಿ ಮುಚ್ಚುವುದಿಲ್ಲ. ಹಾಕಬೇಕಾದರೆ ಮಡಚಲೇಬೇಕು, ಮಡಚಿದರೆ ಒಳಗೆ ತೋಟೆ ಉಳಿದಿದೆಯೇ ಎಂಬುದು ಕಣ್ಣಿಗೆ ಬೀಳಲೇಬೇಕು. ದಣಿದವನ ಕೈಯಲ್ಲೂ ಪರೀಕ್ಷೆ ಮಾಡಿಸುವ ಈ ಗುಣ ನನಗೆ ಬಹಳ ಹಿಡಿಸಿತು. ಅಗ್ಗದ ಬೆಲೆಗೆ ಇದಕ್ಕಿಂತ ಒಳ್ಳೆಯದು ಸಿಗದು. ಮಳೆಗಾಲದಲ್ಲಿ ಮಾತ್ರ ನಳಿಗೆಗೆ ಎಣ್ಣೆ ತಪ್ಪಿಸಬಾರದು, ನಮ್ಮ ಆಷಾಢದ ತೇವಕ್ಕೆ ತುಕ್ಕು ಬೇಗ ಹಿಡಿಯುತ್ತದೆ.

ಕೊನೆಗೆ ನಾವು ನಿಂತದ್ದು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಪೆಟ್ಟಿಗೆಯಲ್ಲಿ. ಗ್ರಿಲ್ ಕೆಲಸದವರಿಂದ ಕೋವಿಯ ಉದ್ದಕ್ಕೆ ಮಾಡಿಸಿದ್ದು. ಬ್ಯಾಟರಿಯ ಸಂಖ್ಯೆ ಬೀಗವನ್ನೂ ಬಂಧುಗಳ ಮನೆಯಲ್ಲಿ ಬಳಸಿ ನೋಡಿದೆ. ಬೇಗ ತೆರೆಯುತ್ತದೆ ನಿಜ. ಆದರೆ ಅಜ್ಜ ಒತ್ತುವ ಅಂಕಿಗಳನ್ನು ಪಕ್ಕದಲ್ಲಿ ನಿಂತ ಮೊಮ್ಮಗ ಒಂದು ಸಲ ನೋಡಿದರೆ ಸಾಕು. ನಾವು ಸಾಮಾನ್ಯ ಬೀಗದ ಕೈಯನ್ನೇ ಆರಿಸಿದೆವು. ಅದು ಮಾವನ ಉಡಿದಾರದಲ್ಲಿದೆ, ಸ್ನಾನಕ್ಕೆ ಹೋದಾಗಲೂ ಅಲ್ಲಿಯೇ. ತೋಟೆಗಳು ಇನ್ನೊಂದು ಕೋಣೆಯ ಇನ್ನೊಂದು ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ. ಪೆಟ್ಟಿಗೆಯಷ್ಟೇ ಮುಖ್ಯವಾದದ್ದು ಅದರ ಜಾಗ. ಮಲಗುವ ಕೋಣೆಯಲ್ಲಿ ಇಡುವ ಬದಲು ತೋಟಕ್ಕೆ ತೆರೆಯುವ ಹಿಂಬಾಗಿಲಿನ ಪಕ್ಕದಲ್ಲೇ ಕೂರಿಸಿದೆವು. ಒಳಗೆ ಕಾಲಿಟ್ಟೊಡನೆ ಪೆಟ್ಟಿಗೆ ಎದುರಾಗುತ್ತದೆ, ಕೋವಿ ಚಾವಡಿಯವರೆಗೆ ಬರುವುದೇ ಇಲ್ಲ. ಅಂಗಳದಲ್ಲಿಯೇ ತೋಟೆ ತೆಗೆದು, ಮಡಚಿದ ಕೋವಿಯನ್ನು ಹಿಡಿದುಕೊಂಡೇ ಹೊಸ್ತಿಲು ದಾಟಬೇಕೆಂಬ ನಿಯಮವನ್ನು ಮಾವ ತಾವಾಗಿಯೇ ಸೇರಿಸಿದರು.

2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಹೇಳುತ್ತದೆ. ಕೋವಿಗೆ ಬೀಗ, ಒಳಗೆ ಗುಂಡಿಲ್ಲದಿರುವುದು, ಗುಂಡು ಬೇರೆ ಕಡೆ ಇರುವುದು, ಅದಕ್ಕೂ ಬೀಗ: ಈ ನಾಲ್ಕರಲ್ಲಿ ಪ್ರತಿಯೊಂದೂ ಇರುವ ಮನೆಗಳಲ್ಲಿ ಮಕ್ಕಳ ಆಕಸ್ಮಿಕ ಗಾಯಗಳೂ ಹದಿಹರೆಯದವರ ಆತ್ಮಹತ್ಯೆಗಳೂ ಕಡಿಮೆ ಎಂದು ಅದು ಕಂಡುಕೊಂಡಿತು. ಆತ್ಮಹತ್ಯೆಯ ಮಾತನ್ನು ನಮ್ಮ ಕಡೆ ಯಾರೂ ಎತ್ತುವುದಿಲ್ಲ. ಎತ್ತಲೇಬೇಕು. ಪರೀಕ್ಷೆಯ ಫಲಿತಾಂಶ ಬಂದ ದಿನ ನೊಂದು ಕುಳಿತ ಹದಿನಾರರ ಮಗುವಿಗೆ ಕೋವಿಯ ಅಪಾಯ ಗೊತ್ತಿಲ್ಲವೆಂದಲ್ಲ. ಆ ಹೊತ್ತಿನಲ್ಲಿ ಯಾವ ಪಾಠವೂ ಅಡ್ಡ ಬರುವುದಿಲ್ಲ, ಬೀಗವೊಂದೇ ಅಡ್ಡ ಬರುತ್ತದೆ.

ಹಾಗೆಂದು ಪಾಠ ಬೇಡವೆನ್ನುವುದಿಲ್ಲ. ಅತ್ತೆಯ ವಿಧಾನ ಹೆದರಿಸುವುದು: “ಮುಟ್ಟಿದರೆ ಪೊಲೀಸರು ಅಜ್ಜನನ್ನು ಹಿಡಿದುಕೊಂಡು ಹೋಗುತ್ತಾರೆ.” ಚಿಕ್ಕವರು ಸ್ವಲ್ಪ ಕಾಲ ದೂರವಿದ್ದರು. ಆಮೇಲೆ ಪಿಸುಗುಟ್ಟುವ ಕುತೂಹಲ ಬೆಳೆಯಿತು. ಹೆದರಿದ ಮಗು, ಕೋವಿ ಕಂಡರೂ ಬಂದು ಹೇಳುವುದಿಲ್ಲ. ಅದೇ ಈ ವಿಧಾನದ ದೊಡ್ಡ ಕೊರತೆ.

ಎರಡನೆಯದು ಬಾಯಿಪಾಠ. ಅಮೆರಿಕದ ರೈಫಲ್ ಸಂಘ 1988ರಲ್ಲಿ ಚಿಕ್ಕ ಮಕ್ಕಳಿಗಾಗಿ ತಂದ ಕ್ರಮವನ್ನು ನಮ್ಮ ಮಾತಿಗೆ ಹೊಂದಿಸಿಕೊಂಡೆ: ನಿಲ್ಲು, ಮುಟ್ಟಬೇಡ, ಅಲ್ಲಿಂದ ಓಡು, ದೊಡ್ಡವರಿಗೆ ಹೇಳು. ಮಗ ಮಗ್ಗಿಯಂತೆ ಒಪ್ಪಿಸುತ್ತಿದ್ದ. ಒಪ್ಪಿಸುವುದಕ್ಕೂ ಮಾಡುವುದಕ್ಕೂ ಇರುವ ಅಂತರ ದೊಡ್ಡದು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಂಟರಿಂದ ಹನ್ನೆರಡು ವರ್ಷದ 64 ಹುಡುಗರನ್ನು 29 ಗುಂಪು ಮಾಡಿ, ಗುಂಡು ಹಾರದಂತೆ ಮಾಡಿದ ನಿಜವಾದ ಪಿಸ್ತೂಲನ್ನು ಡ್ರಾಯರಿನಲ್ಲಿ ಅಡಗಿಸಿಟ್ಟ ಕೋಣೆಗೆ ಬಿಟ್ಟರು. 21 ಗುಂಪುಗಳು ಅದನ್ನು ಹುಡುಕಿ ತೆಗೆದವು, 16 ಗುಂಪುಗಳಲ್ಲಿ ಕೈಗೆತ್ತಿಕೊಂಡರು, 10ರಲ್ಲಿ ಟ್ರಿಗರ್ ಎಳೆದೇಬಿಟ್ಟರು. ಕೈಗೆತ್ತಿಕೊಂಡವರಲ್ಲಿ ಹೆಚ್ಚಿನವರು ಮೊದಲೇ ಸುರಕ್ಷತೆಯ ಪಾಠ ಕೇಳಿದ್ದವರು. ಇದನ್ನು ಓದಿದ ಮೇಲೆ, ಹೇಳಿಕೊಟ್ಟಿದ್ದೇನಲ್ಲ ಎಂದು ನೆಮ್ಮದಿಯಿಂದಿರಲು ನನಗೆ ಸಾಧ್ಯವಾಗಿಲ್ಲ.

ಬಾಯಿಪಾಠಕ್ಕಿಂತ ಫಲ ಕೊಟ್ಟದ್ದು ಮಾಡಿಸಿ ಕಲಿಸುವುದು. ಆಟದ ಕೋವಿಯನ್ನು ಮಗ ಎದುರುನೋಡದ ಕಡೆ, ಅಡಿಕೆ ಗೋಣಿಯ ಹಿಂದೆ, ಪಂಪಿನ ಶೆಡ್ಡಿನಲ್ಲಿ ಇಟ್ಟು, ಕಂಡರೆ ಏನು ಮಾಡಬೇಕೆಂದು ಅಲ್ಲಿಯೇ ನಿಲ್ಲಿಸಿ ಮಾಡಿಸಿದೆವು. ಆಮೇಲೆ ಹೇಳದೆಯೂ ಇಟ್ಟು ನೋಡಿದೆವು. ಓಡಿ ಬಂದು ಹೇಳಿದಾಗಲೆಲ್ಲ ಅಜ್ಜನಿಂದಲೇ ಶಹಬ್ಬಾಸ್. ಇದಕ್ಕೆ ನಿಜವಾದ ಕೋವಿಯನ್ನು, ಖಾಲಿಯಿದ್ದರೂ, ಬಳಸಲೇಬಾರದು.

ಮಗಳಿಗೆ ಬೇಕಾದದ್ದು ಬೇರೆ. ಆಯುಧ ಪೂಜೆಗೆ ಕೋವಿ ಹೊರಬಂದಾಗ ಮಾವ ಅವಳನ್ನು ಕೂರಿಸಿಕೊಂಡು ಒಳಭಾಗ ತೋರಿಸಿದರು. ಪ್ರತಿ ಕೋವಿಯನ್ನೂ ತುಂಬಿದ್ದೆಂದೇ ತಿಳಿಯಬೇಕು, ಬಾಯಿಯನ್ನು ಯಾರ ಕಡೆಗೂ ತಿರುಗಿಸಬಾರದು, ಹೊಡೆಯುವ ಗಳಿಗೆಯವರೆಗೆ ಬೆರಳು ಟ್ರಿಗರಿನ ಮೇಲಿರಬಾರದು, ಗುರಿಯ ಹಿಂದೆ ಏನಿದೆಯೆಂದು ತಿಳಿಯದೆ ಹೊಡೆಯಬಾರದು: ಜಗತ್ತಿನ ಎಲ್ಲ ಕಡೆ ಕಲಿಸುವ ಈ ನಾಲ್ಕು ನಿಯಮಗಳನ್ನು ಅವರು ತಮ್ಮ ಅನುಭವದ ಮಾತಿನಲ್ಲಿ ಹೇಳಿದರು. ಆಮೇಲೆ ತೋಟಕ್ಕೆ ಕರೆದೊಯ್ದು ಹಳೆಯ ಅಡಿಕೆ ಮರವೊಂದರಲ್ಲಿ ತೋಟೆಯೊಳಗಿನ ಚಿಲ್ಲುಗಳು ಕೊರೆದ ತೂತುಗಳಿಗೆ ಅವಳ ಬೆರಳಿಡಿಸಿದರು. ಅವಳು ಮಾತಾಡಲಿಲ್ಲ. ನನ್ನ ಮಾತುಗಳೆಲ್ಲ ಸೇರಿ ಮಾಡದ್ದನ್ನು ಆ ಮರ ಮಾಡಿತು. ಆದರೆ ಈ ಪಾಠ ಚಿಕ್ಕವರಿಗೆ ಬೇಡ, ಅವರಿಗೆ ಅದು ಆಹ್ವಾನದಂತೆ ಕೇಳಿಸುತ್ತದೆ. ಹೊಡೆಯಲು ಕಲಿಸುವ ಮಾತಂತೂ ನಮ್ಮಲ್ಲಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಕೋವಿ ಇಟ್ಟುಕೊಳ್ಳಲು 21 ವರ್ಷ ತುಂಬಿರಬೇಕು. ತರಬೇತಿ ಬೇಕೆನ್ನುವವರಿಗೆ ಮಾನ್ಯತೆ ಪಡೆದ ರೈಫಲ್ ಕ್ಲಬ್ಬುಗಳಿವೆ.

ಕೋವಿಯೇ ಇಲ್ಲದ ಮನೆ ಹೇಗಿರುತ್ತದೆ ಎಂಬುದನ್ನೂ ಕಂಡಿದ್ದೇವೆ. ಚುನಾವಣೆ ಬಂದಾಗ ಪರವಾನಗಿ ಕೋವಿಯನ್ನು ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕಾಗುತ್ತದೆ. ಆ ದಿನಗಳಲ್ಲಿ ನಾನು ನಿಶ್ಚಿಂತೆಯಿಂದ ಮಲಗಿದೆ, ಹಂದಿಗಳು ಮರಗೆಣಸನ್ನು ನಿಶ್ಚಿಂತೆಯಿಂದ ತಿಂದವು. ಕಾಡುಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟ ಮೇಲೆ, ಪಂಚಾಯತಿನ ಪಟ್ಟಿಯಲ್ಲಿರುವ ಕೋವಿಗಾರರನ್ನು ಕರೆಸುವ ದಾರಿಯೂ ಇದೆ. ಅವರು ಹೊತ್ತಿಗೆ ಸರಿಯಾಗಿ ಬರುವ ಊರಿನಲ್ಲಿದ್ದು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಪರವಾನಗಿ ನವೀಕರಿಸುವ ಮೊದಲು ಇನ್ನೊಮ್ಮೆ ಯೋಚಿಸಿ ಎಂದೇ ನನ್ನ ಸಲಹೆ.

ಇಷ್ಟೆಲ್ಲ ಬೀಗ ಹಾಕಿದ ಮನೆಗಳಲ್ಲೂ ಜಗುಲಿಯ ಕಂಬಕ್ಕೆ ಒರಗಿಸಿಟ್ಟಿರುವ ಇನ್ನೊಂದು ಕೋವಿಯಿದೆ: ಮಂಗ ಓಡಿಸುವ ಪಿವಿಸಿ ಪೈಪಿನ ಕಾರ್ಬೈಡ್ ಕೋವಿ. ಕಾರ್ಬೈಡಿಗೆ ನೀರು ತಾಗಿದರೆ ಅಸಿಟಿಲಿನ್ ಅನಿಲ, ಲೈಟರಿನ ಕಿಡಿಗೆ ಸ್ಫೋಟ. ಗುಂಡಿಲ್ಲ, ಹಾಗಾಗಿ ಮಕ್ಕಳ ಕೈಗೇ ಕೊಡುತ್ತಾರೆ. ಶಬ್ದ ಬಾರದಾಗ ಮಗು ಮಾಡುವ ಮೊದಲ ಕೆಲಸ ಪೈಪಿನೊಳಗೆ ಇಣುಕುವುದು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇಂಥ ಕೋವಿಗಳಿಂದ ಅನೇಕ ಮಕ್ಕಳ ಕಣ್ಣಿಗೆ ಹಾನಿಯಾಯಿತು. ನಮ್ಮದನ್ನು ನಾವು ಉಕ್ಕಿನ ಪೆಟ್ಟಿಗೆಯ ಮೇಲೆ ಇನ್ನೊಂದು ಕೊಂಡಿ ಹಾಕಿಸಿ ಬೀಗದೊಳಗೆ ಸೇರಿಸಿದೆವು, ಕಾರ್ಬೈಡಿನ ಡಬ್ಬಿಯನ್ನು ತೋಟೆಯ ಜೊತೆಗೆ ಇಟ್ಟೆವು.

ಉಳಿದದ್ದು ಮಕ್ಕಳು ರಜೆಗೆ ಹೋಗುವ ಮನೆಗಳು. “ದೊಡ್ಡಪ್ಪ, ನಿಮ್ಮ ಕೋವಿಗೆ ಬೀಗ ಇದೆಯೇ?” ಎಂದು ಹಿರಿಯರನ್ನು ಕೇಳುವುದು ಸುಲಭವಲ್ಲ. ನೇರವಾಗಿ ಕೇಳಿದರೆ ಕೆಲವರಿಗೆ ಮುನಿಸು. ನಮ್ಮ ಪೆಟ್ಟಿಗೆಯ ವಿಷಯ, ಗ್ರಿಲ್ಲಿನವರು ತೆಗೆದುಕೊಂಡ ಹಣ, ಕೇಬಲ್ ಬೀಗದ ಉಪಾಯ ಹೇಳತೊಡಗಿದರೆ ಅವರೇ ತಮ್ಮ ಕೋವಿ ಎಲ್ಲಿದೆಯೆಂದು ಹೇಳುತ್ತಾರೆ. ಎರಡನೆಯ ದಾರಿ ಬಹಳ ಮಟ್ಟಿಗೆ ಸಾಗುತ್ತದೆ. ಸಾಗದಿದ್ದಲ್ಲಿ ನೇರವಾಗಿಯೇ ಕೇಳುತ್ತೇನೆ. ಉತ್ತರ ಅಟ್ಟ ಎಂದಾದರೆ ಮಕ್ಕಳ ಬಟ್ಟೆಯ ಜೊತೆ ಒಂದು ಕೇಬಲ್ ಬೀಗವನ್ನೂ ಕೊಟ್ಟು ಕಳುಹಿಸುತ್ತೇನೆ.